ಹಾಕಿದಷ್ಟೂ ತಡವಾದ ಗೇರು: ತುಮಕೂರಿನ ಒಂದು ಆಟೋಮ್ಯಾಟಿಕ್ ಕಾರಿನ ಎಟಿಎಫ್ ಪ್ರಕರಣ

2011ರ ಹೋಂಡಾ ಸಿಟಿ, 1.5 ಲೀಟರ್ ಪೆಟ್ರೋಲ್, 5 ಗೇರಿನ ಆಟೋಮ್ಯಾಟಿಕ್. ಮೀಟರಿನಲ್ಲಿ 96,000 ಕಿಲೋಮೀಟರ್. ಕಾರು ನಿಲ್ಲುವುದು ತುಮಕೂರಿನ ಬಟವಾಡಿ ಕಡೆಯ ಮನೆಯೊಂದರ ಪೋರ್ಟಿಕೋದಲ್ಲಿ. ದೂರು ಮೊದಲಿಗೆ ಸಣ್ಣದೇ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಡಿ-ಗೆ ಹಾಕಿದರೆ ಕಾರು ಸುಮ್ಮನೆ ನಿಂತಿರುತ್ತದೆ, ಎರಡು ಎಣಿಸುವ ಹೊತ್ತಿಗೆ ಧಡ್ ಎಂದು ಗೇರು ಹಿಡಿಯುತ್ತದೆ. ಎಡ ಮುಂಚಕ್ರದ ಒಳಬದಿಗೆ ನೆಲದ ಮೇಲೆ ಕಂದುಗೆಂಪು ಹನಿಗಳು, ರಾತ್ರಿಗೆ ನಾಲ್ಕೈದು. ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಬದಲಿಸಿದ ದಾಖಲೆ ಸರ್ವಿಸ್ ಪುಸ್ತಕದಲ್ಲಿ ಎಲ್ಲೂ ಇಲ್ಲ.

ಆಯಿಲ್ ಸೋರುತ್ತಿದೆ, ಆದ್ದರಿಂದ ಕಡಿಮೆಯಾಗಿದೆ, ಆದ್ದರಿಂದ ಗೇರು ತಡವಾಗುತ್ತಿದೆ. ಮಾಲೀಕರ ಈ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ಅದರ ಮುಂದಿನ ಹೆಜ್ಜೆ. ಬಿಡಿಭಾಗದ ಅಂಗಡಿಯಲ್ಲಿ "ಆಟೋಮ್ಯಾಟಿಕ್‌ಗೆ ಆಯಿಲ್ ಕೊಡಿ" ಎಂದಾಗ ಸಿಕ್ಕಿದ್ದು ಡೆಕ್ಸ್‌ರಾನ್-3 ಎಂದು ಬರೆದಿದ್ದ ಕೆಂಪು ಆಯಿಲ್. "ಎಲ್ಲಾ ಕೆಂಪಗೇ ಇರತ್ತೆ ಸಾರ್, ಒಂದೇ" ಎಂಬ ಭರವಸೆಯೂ ಜೊತೆಗೆ. ಮನೆಯಲ್ಲಿ ಎಂಜಿನ್ ಓಡಿಸಿ, ಗೇರನ್ನು ಪಿ-ಯಿಂದ ಎಲ್ಲ ಸ್ಥಾನಕ್ಕೂ ಒಮ್ಮೆ ತಂದು, ಎಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ಎಳೆದು ನೋಡಿದರು. ಕಡ್ಡಿಯ ತುದಿಗಷ್ಟೇ ಆಯಿಲ್ ಅಂಟಿತ್ತು. ಅರ್ಧ ಲೀಟರ್ ಹಾಕಿದರು, ಸಾಲಲಿಲ್ಲ. ಇನ್ನರ್ಧ, ಮತ್ತೊಂದರ್ಧ. ಒಂದೂವರೆ ಲೀಟರ್ ಒಳಗೆ ಹೋದ ಮೇಲೆ ಮೇಲಿನ ಗುರುತು ಮುಟ್ಟಿತು.

ಮರುದಿನ ಊರೊಳಗೆ ಕಾರು ಚೆನ್ನಾಗಿಯೇ ಓಡಿತು. ಭಾನುವಾರ ನಾಮದ ಚಿಲುಮೆ ದಾಟಿ ದೇವರಾಯನದುರ್ಗದ ಏರು ಹತ್ತುವಾಗ ಬಣ್ಣ ಬಯಲಾಯಿತು. ತಿರುವುಗಳಲ್ಲಿ ಎಂಜಿನ್ ಸದ್ದು ಏರುತ್ತದೆ, ಕಾರು ಏರುವುದಿಲ್ಲ. ಎರಡರಿಂದ ಮೂರಕ್ಕೆ ಹೋಗುವಾಗ ನಡುವೆ ಜಾರಿದ ಹಾಗೆ. ಮೇಲೆ ನಿಲ್ಲಿಸಿದಾಗ ಬಾನೆಟ್ ಕೆಳಗಿಂದ ಬಿಸಿ ಆಯಿಲಿನ ವಾಸನೆ, ಗೇರ್‌ಬಾಕ್ಸಿನ ಮೇಲೆಲ್ಲ ಸಿಂಪಡಿಸಿದಂತೆ ತೇವ. ಮನೆಗೆ ಬಂದು ಡಿ-ಗೆ ಹಾಕಿದರೆ ತಡ ಈಗ ಮೂರು ಸೆಕೆಂಡು. ಮಾಲೀಕರು ಇನ್ನೂ ಅರ್ಧ ಲೀಟರ್ ಹಾಕಲು ಸಿದ್ಧರಾಗಿದ್ದರು. ಅದನ್ನು ಹಾಕಲಿಲ್ಲ ಎಂಬುದೇ ಈ ಪ್ರಕರಣದ ಅದೃಷ್ಟ.

ಕಡಿಮೆಯಾದರೂ ಅದೇ ರೋಗ, ಹೆಚ್ಚಾದರೂ ಅದೇ ರೋಗ

ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಆಯಿಲ್ ಬರೀ ಜಾರಿಕೆಗೆ ಇರುವುದಲ್ಲ. ಪಂಪು ಅದನ್ನು ಒತ್ತಡಕ್ಕೆ ತಂದು ಕ್ಲಚ್ಚುಗಳ ಹಿಂದೆ ತಳ್ಳುತ್ತದೆ. ಆ ಒತ್ತಡವೇ ಗೇರನ್ನು ಹಿಡಿದಿಡುವ ಕೈ. ಆಯಿಲನ್ನು ಹಿಂಡಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಆಯಿಲಿನೊಳಗೆ ಗುಳ್ಳೆ ಸೇರಿತೆಂದರೆ ಪಂಪಿನ ಬಲದ ಒಂದು ಪಾಲು ಗುಳ್ಳೆ ಹಿಂಡುವುದರಲ್ಲೇ ಮುಗಿದು ಕ್ಲಚ್ಚು ಅರೆಬರೆ ಹಿಡಿಯುತ್ತದೆ.

ಗುಳ್ಳೆ ಬರಲು ದಾರಿ ಎರಡು. ಆಯಿಲ್ ಕಡಿಮೆಯಾದರೆ ಏರಿನಲ್ಲೋ ತಿರುವಿನಲ್ಲೋ ಅದು ಒಂದು ಬದಿಗೆ ಸರಿದು, ಪಂಪಿನ ಹೀರುಬಾಯಿ ಗಾಳಿ ನುಂಗುತ್ತದೆ. ಹೆಚ್ಚಾದರೆ ತಿರುಗುವ ಗೇರುಗಳು ಆಯಿಲಿನಲ್ಲಿ ಮುಳುಗಿ ಮಜ್ಜಿಗೆ ಕಡೆದಂತೆ ಕಡೆಯುತ್ತವೆ. ಹೋಂಡಾದ ಈ ಗೇರ್‌ಬಾಕ್ಸಿನಲ್ಲಿ ಬೇರೆ ಆಟೋಮ್ಯಾಟಿಕ್‌ಗಳಲ್ಲಿರುವ ಪ್ಲಾನೆಟರಿ ಗೇರುಗಳು, ಅಂದರೆ ನಡುವಿನ ಚಕ್ರದ ಸುತ್ತ ಸಣ್ಣ ಚಕ್ರಗಳು ತಿರುಗುವ ಜೋಡಣೆ, ಇಲ್ಲ. ಮ್ಯಾನುಯಲ್ ಗೇರ್‌ಬಾಕ್ಸಿನ ಹಾಗೆ ಪಕ್ಕಪಕ್ಕದ ಶಾಫ್ಟ್‌ಗಳ ಮೇಲೆ ದೊಡ್ಡ ಹಲ್ಲುಚಕ್ರಗಳಿವೆ, ಕಡೆಯಲು ಹೇಳಿ ಮಾಡಿಸಿದ ಹಾಗೆ. ನೊರೆಗೆ ಜಾಗ ಹೆಚ್ಚು ಬೇಕು. ಒಳಗೆ ಜಾಗ ಸಾಲದಾದಾಗ ಮೇಲಿರುವ ಬ್ರೀದರ್, ಅಂದರೆ ಗಾಳಿ ಆಡುವ ಸಣ್ಣ ಕಿಂಡಿಯ ಮೂಲಕ ಹೊರಗೆ ಉಗುಳುತ್ತದೆ. ಹೊರಗೆ ನೋಡುವವರಿಗೆ ಅದು ಸೋರಿಕೆ. ಸೋರಿಕೆ ಕಂಡವರು ಮತ್ತೆ ಆಯಿಲ್ ಹಾಕುತ್ತಾರೆ. ಇಲ್ಲಿ ನಡೆಯುತ್ತಿದ್ದುದು ಇದೇ ಸುತ್ತು.

ಎರಡರಲ್ಲಿ ಯಾವುದು ಎಂದು ಗುರುತಿಸಲು ಸುಲಭದ ದಾರಿ: ಬೆಟ್ಟದಿಂದ ಇಳಿದ ತಕ್ಷಣ ಕಡ್ಡಿ ಎಳೆದು ಬೆಳಕಿಗೆ ಹಿಡಿಯುವುದು. ಆಯಿಲಿನಲ್ಲಿ ಸಣ್ಣ ಗುಳ್ಳೆಗಳಿದ್ದು ಮಟ್ಟ ಮೇಲಿನ ಗುರುತಿಗಿಂತ ಬಹಳ ಮೇಲಿದ್ದರೆ ಹೆಚ್ಚಾಗಿದೆ. ಗುಳ್ಳೆಗಳಿದ್ದು ಕಡ್ಡಿಯ ತುದಿ ಮಾತ್ರ ಒದ್ದೆಯಾಗಿದ್ದರೆ ಕಡಿಮೆ. ರೋಸ್ ಮಿಲ್ಕ್ ಬಣ್ಣಕ್ಕೆ ತಿರುಗಿ ಹಾಲಿನಂತೆ ಮಂದವಾಗಿದ್ದರೆ ಅದು ನೊರೆಯಲ್ಲ, ಕೂಲೆಂಟ್, ಅಂದರೆ ರೇಡಿಯೇಟರಿನ ನೀರು, ಒಳಗೆ ಸೇರಿದೆ. ಆಗ ಕಾರನ್ನು ಓಡಿಸದೆ ಎಳೆಸಿಕೊಂಡು ಹೋಗಬೇಕು. ಈ ಕಾರಿನಲ್ಲಿ ಕಂಡದ್ದು ಮೊದಲನೆಯದು, ಗುರುತಿಗಿಂತ ಒಂದು ಬೆರಳಗಲ ಮೇಲೆ, ತುಂಬ ಗುಳ್ಳೆ.

ಅಳತೆ ತಪ್ಪಿದ್ದು ಎಲ್ಲಿ

ಮಾಲೀಕರು ಅನುಸರಿಸಿದ ಕ್ರಮ ಸುಳ್ಳಲ್ಲ, ಬೇರೆ ಕಾರಿನದು. ಹಳೆಯ ಹ್ಯುಂಡೈ, ಟೊಯೋಟಾಗಳ 4 ಗೇರಿನ ಆಟೋಮ್ಯಾಟಿಕ್‌ಗಳಲ್ಲಿ ಬಿಸಿ ಎಂಜಿನ್ ಓಡುತ್ತಿರುವಾಗಲೇ ಕಡ್ಡಿ ನೋಡಬೇಕು. ಹೋಂಡಾದಲ್ಲಿ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಆಫ್ ಮಾಡಿ, 60ರಿಂದ 90 ಸೆಕೆಂಡಿನ ನಡುವೆ ನೋಡಬೇಕು. ಎಂಜಿನ್ ಓಡುತ್ತಿದ್ದರೆ ಪಂಪು ಒಂದಿಷ್ಟು ಆಯಿಲನ್ನು ಮೇಲಕ್ಕೆ ಎತ್ತಿ ಆಯಿಲಿನ ದಾರಿಗಳನ್ನು ತೆರೆದು ಮುಚ್ಚುವ ವಾಲ್ವ್ ಬಾಡಿಯಲ್ಲೂ ಶಾಫ್ಟ್‌ಗಳಲ್ಲೂ ಹಿಡಿದಿರುತ್ತದೆ, ತಳದಲ್ಲಿ ಮಟ್ಟ ಕಡಿಮೆ ಕಾಣುತ್ತದೆ. ಹೋಂಡಾ ಕಡ್ಡಿಯ ಗುರುತು ಆ ಸ್ಥಿತಿಗೆ ಹಾಕಿದ್ದಲ್ಲ. ಆಫ್ ಮಾಡಿ ಒಂದು ನಿಮಿಷ ಕಾದರೆ ಮೇಲಿನದು ಇಳಿದಿರುತ್ತದೆ. ಹೆಚ್ಚು ಕಾದರೆ ಟಾರ್ಕ್ ಕನ್ವರ್ಟರಿನ, ಅಂದರೆ ಎಂಜಿನ್ನಿನ ಬಲವನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗದ ಆಯಿಲೂ ನಿಧಾನಕ್ಕೆ ಕೆಳಗಿಳಿದು ಮಟ್ಟ ಹೆಚ್ಚಾಗಿ ತೋರಿಸುತ್ತದೆ. ಆದ್ದರಿಂದ ಆ ಮೂವತ್ತು ಸೆಕೆಂಡಿನ ಕಿಂಡಿ.

ಬೆಳಿಗ್ಗೆ ತಣ್ಣಗಿರುವಾಗ ನೋಡುವುದೂ ಅಷ್ಟೇ ಅಪಾಯದ್ದು. ಎರಡು ತಪ್ಪುಗಳು ಎದುರುಬದುರಾಗಿ ಎಳೆಯುತ್ತವೆ. ಕನ್ವರ್ಟರಿನಿಂದ ಇಳಿದದ್ದು ಮಟ್ಟವನ್ನು ಏರಿಸುತ್ತದೆ, ತಣಿದು ಕುಗ್ಗಿದ್ದು ಇಳಿಸುತ್ತದೆ. ಒಳಗಿರುವುದು 6 ಲೀಟರಿನ ಆಸುಪಾಸು ಎಂದಿಟ್ಟುಕೊಳ್ಳಿ. 25 ಡಿಗ್ರಿಯಿಂದ 85 ಡಿಗ್ರಿಗೆ ಏರಿದರೆ ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಕಡ್ಡಿಯ ಎರಡು ಗುರುತುಗಳ ನಡುವಿನ ಅಂತರದ ಮುಂದೆ ಇದು ಸಣ್ಣದಲ್ಲ.

ಇನ್ನೊಂದು ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅದು ಪೋರ್ಟಿಕೋ. ಮಳೆನೀರು ಗೇಟಿನ ಕಡೆ ಹರಿಯಲೆಂದು ನಮ್ಮ ಮನೆಗಳ ಪೋರ್ಟಿಕೋಗಳಿಗೆಲ್ಲ ಇಳಿಜಾರು ಕೊಟ್ಟಿರುತ್ತಾರೆ. ಗಾರೆಯವರು ಬಳಸುವ ನೀರು ತುಂಬಿದ ಟ್ಯೂಬಿನಿಂದ ಮುಂದಿನ, ಹಿಂದಿನ ಚಕ್ರಗಳು ನಿಂತ ಜಾಗದ ಮಟ್ಟ ನೋಡಿದಾಗ 5 ಸೆಂಟಿಮೀಟರ್ ವ್ಯತ್ಯಾಸ ಸಿಕ್ಕಿತು. ಕಣ್ಣಿಗೆ ಸಮತಟ್ಟಾಗಿ ಕಾಣುವ ನೆಲ ಸಮತಟ್ಟಲ್ಲ. ಹಲಗೆ ಕೊಟ್ಟು ಸರಿಪಡಿಸಬಹುದು, ಆದರೆ ತಗ್ಗಿನ ಕಡೆಯ ಎರಡು ಚಕ್ರಗಳ ಕೆಳಗೂ ಒಂದೇ ದಪ್ಪದ ಅಗಲವಾದ ಹಲಗೆ ಬೇಕು. ಮನೆಯ ಎದುರಿನ ಕಾಂಕ್ರೀಟ್ ರಸ್ತೆಯ ಒಂದು ತುಂಡು ಟ್ಯೂಬಿಗೆ ಸರಿಯಾಗಿ ಹೊಂದಿದ್ದರಿಂದ ಮುಂದಿನ ಅಳತೆಗಳೆಲ್ಲ ಅಲ್ಲೇ ನಡೆದವು. ಎಲ್ಲಿ ಅಳೆದರೂ ಪ್ರತಿಸಲ ಅದೇ ಜಾಗ, ಅದೇ ದಿಕ್ಕು ಇರಬೇಕು.

ಆಯಿಲ್ ಮತ್ತು ಸಾಮಾನು

ಈ ಗೇರ್‌ಬಾಕ್ಸಿಗೆ ಬೇಕಾದದ್ದು ಹೋಂಡಾ ಎಟಿಎಫ್ ಡಿಡಬ್ಲ್ಯು-1. ಹಿಂದೆ ಇದ್ದ ಝಡ್-1 ಎಂಬುದರ ಜಾಗಕ್ಕೆ ಬಂದದ್ದು ಇದು, ಎರಡೂ ಬೆರೆತರೆ ತೊಂದರೆಯಿಲ್ಲ. ಕೌಂಟರಿನಲ್ಲಿ "ಹೋಂಡಾ ಸಿಟಿ ಆಟೋಮ್ಯಾಟಿಕ್" ಎಂದಷ್ಟೇ ಹೇಳಬಾರದು. 2014ರಿಂದ ಬಂದ ಸಿಟಿಯಲ್ಲಿ ಇರುವುದು ಸಿವಿಟಿ, ಅಂದರೆ ಗೇರುಗಳ ಬದಲು ಬೆಲ್ಟಿನಿಂದ ನಡೆಯುವ ಆಟೋಮ್ಯಾಟಿಕ್, ಅದಕ್ಕೆ ಎಚ್‌ಸಿಎಫ್-2 ಎಂಬ ಬೇರೆಯೇ ಆಯಿಲ್. ಅದನ್ನು ಇದಕ್ಕೆ, ಇದನ್ನು ಅದಕ್ಕೆ ಹಾಕಿದರೆ ಗೇರ್‌ಬಾಕ್ಸೇ ಹೋಗಬಹುದು. ಕಾರಿನ ವರ್ಷ ಹೇಳಿ, ಕ್ಯಾನಿನ ಮೇಲಿನ ಹೆಸರನ್ನು ಓದಿ, ಮುಚ್ಚಳದ ಸೀಲು ನೋಡಿ ತೆಗೆದುಕೊಳ್ಳಬೇಕು. ಬಣ್ಣ ಏನನ್ನೂ ಹೇಳುವುದಿಲ್ಲ, ಪವರ್ ಸ್ಟೀರಿಂಗ್ ಆಯಿಲಿಗೂ ಕೆಂಪು ಬಣ್ಣವನ್ನೇ ಹಾಕಿರುತ್ತಾರೆ. ಕ್ಲಚ್ ತಟ್ಟೆಗಳು ಎಷ್ಟು ಜಾರಿ ಎಷ್ಟು ಹಿಡಿಯಬೇಕು ಎಂಬುದನ್ನು ಆಯಿಲಿನಲ್ಲಿ ಬೆರೆಸಿರುವ ರಾಸಾಯನಿಕಗಳು ನಿರ್ಧರಿಸುತ್ತವೆ. ಡೆಕ್ಸ್‌ರಾನ್ ಬೆರೆತ ಈ ಕಾರಿನಲ್ಲಿ ಗಂಟೆಗೆ 40ರ ಆಸುಪಾಸಿನಲ್ಲಿ ನಡುಗು ಶುರುವಾಗಿದ್ದಕ್ಕೆ ಇದೇ ಕಾರಣವಿರಬೇಕು.

ಮಾರುತಿಯ ಎಜಿಎಸ್ ಕಾರುಗಳವರೂ ಇದನ್ನು ಓದಿ ಎಟಿಎಫ್ ಹುಡುಕಲು ಹೊರಡುತ್ತಾರೆ. ಬೇಡ. ಅದು ಒಳಗೆ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತುವ, ಗೇರು ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ ಅಷ್ಟೇ.

ಬೇಕಾದ ಸಾಮಾನು ಕಡಿಮೆ. ಒಂದು ಸಲಕ್ಕೆ ಎರಡೂವರೆ ಲೀಟರ್ ಆಯಿಲ್ ಹಾಕಿ ಸ್ವಲ್ಪ ಕೈಯಲ್ಲಿ ಉಳಿಯಲೆಂದು 3 ಲೀಟರ್. ಡ್ರೇನ್ ಬೋಲ್ಟಿಗೆ 18 ಎಂಎಂನ ಹೊಸ ಅಲ್ಯೂಮಿನಿಯಂ ವಾಷರ್. ಬೋಲ್ಟಿನ ತಲೆಯಲ್ಲಿ ಚೌಕದ ಗುಳಿ ಇರುತ್ತದೆ, 3/8 ಇಂಚಿನ ರಾಚೆಟ್ ನೇರವಾಗಿ ಅದರೊಳಗೆ ಕೂರುತ್ತದೆ, ಸಾಕೆಟ್ ಬೇಡ. ಸಣ್ಣ ಬಾಯಿಯ ಆಲಿಕೆ, ಅದಕ್ಕೆ ಡಿಪ್‌ಸ್ಟಿಕ್ ತೂತಿನೊಳಗೆ ಇಳಿಯುವಷ್ಟು ತೆಳುವಾದ ಅರ್ಧ ಮೀಟರ್ ಪಾರದರ್ಶಕ ಪೈಪು. 5 ಲೀಟರ್ ಹಿಡಿಸುವ ಟ್ರೇ. ಗುರುತು ಹಾಕಿದ ಅಳತೆ ಜಗ್ಗು. ಒರೆಸಲು ನೂಲು ಬಿಡದ ಬಟ್ಟೆ. ಗ್ಯಾರೇಜುಗಳಲ್ಲಿ ಸಿಗುವ ಬನಿಯನ್ ವೇಸ್ಟ್ ಇಲ್ಲಿ ಬೇಡ. ಅದರ ಒಂದು ಎಳೆ ವಾಲ್ವ್ ಬಾಡಿಯೊಳಗೆ ಹೋದರೂ ಸಾಕು, ಕೂದಲೆಳೆಯಷ್ಟು ಸಂದಿಯಲ್ಲಿ ಓಡಾಡುವ ವಾಲ್ವ್ ಸಿಕ್ಕಿಕೊಳ್ಳುತ್ತದೆ.

ಅಳತೆಗೆ ಕುಡಿಯುವ ನೀರಿನ ಬಾಟಲಿ ಬಳಸುವವರಿಗೆ ಒಂದು ಮಾತು: ಕಂಠದವರೆಗೆ ತುಂಬಿದರೆ ಅದರಲ್ಲಿ ಒಂದು ಲೀಟರಿಗಿಂತ ಹೆಚ್ಚೇ ಹಿಡಿಯುತ್ತದೆ. ತೂಕ ಹಾಕುವುದು ಇದಕ್ಕಿಂತ ನಂಬಿಕೆಯದು. ಎಟಿಎಫ್ ಲೀಟರಿಗೆ ಹೆಚ್ಚುಕಡಿಮೆ 850 ಗ್ರಾಂ ತೂಗುತ್ತದೆ. ಎರಡೂವರೆ ಲೀಟರ್ ಎಂದರೆ 2 ಕಿಲೋ 125 ಗ್ರಾಂ. ಹೊರಬಂದದ್ದನ್ನು ತೂಗುವುದೋ ಅಳೆಯುವುದೋ ಅದು ತಣಿದ ಮೇಲೆಯೇ ಆಗಬೇಕು.

ಇಳಿಸಿದ್ದು

ಐದಾರು ಕಿಲೋಮೀಟರ್ ಓಡಿಸಿ ಅರ್ಧ ಗಂಟೆ ಬಿಟ್ಟು ಕೆಲಸ ಶುರುವಾಯಿತು. ಬೆಚ್ಚಗಿದ್ದರೆ ಕೊಳೆ ತೇಲುತ್ತಾ ಹೊರಬರುತ್ತದೆ. ಕುದಿಯುವಷ್ಟು ಬಿಸಿಯಿದ್ದರೆ ಮೊಣಕೈವರೆಗೆ ಸುಡುತ್ತದೆ. ಮುಂಭಾಗ ಎತ್ತಿ ಎರಡೂ ಬದಿಗೆ ಜಾಕ್ ಸ್ಟ್ಯಾಂಡ್, ಹ್ಯಾಂಡ್‌ಬ್ರೇಕ್, ಹಿಂಚಕ್ರಗಳಿಗೆ ಅಡ್ಡಗಲ್ಲು. ಬರೀ ಜಾಕಿನ ಮೇಲೆ, ಇಲ್ಲವೇ ಸಿಮೆಂಟ್ ಇಟ್ಟಿಗೆಯ ಮೇಲೆ ಕಾರು ನಿಲ್ಲಿಸಿ ಕೆಳಗೆ ತೂರುವುದು ಬೇಡವೇ ಬೇಡ. ಟೊಳ್ಳಿಟ್ಟಿಗೆ ಬಿರುಕು ಬಿಡುವ ಮುನ್ನ ಸೂಚನೆ ಕೊಡುವುದಿಲ್ಲ.

ಕೆಳಗೆ ಎರಡು ಡ್ರೇನ್ ಬೋಲ್ಟುಗಳಿವೆ. ಸ್ಪ್ಯಾನರಿನಿಂದ ಬಿಚ್ಚುವ 17 ಎಂಎಂನ ಆರುಮೂಲೆ ತಲೆಯದು ಎಂಜಿನ್ ಆಯಿಲಿನದು. ಎಡಕ್ಕೆ, ಗೇರ್‌ಬಾಕ್ಸಿನಲ್ಲಿರುವ ಚೌಕ ಗುಳಿಯದು ಎಟಿಎಫ್. ಎಂಜಿನ್ ಆಯಿಲ್ ಬದಲಿಸಲು ಹೋಗಿ ಎಟಿಎಫ್ ಇಳಿಸಿಬಿಟ್ಟು, ಆಮೇಲೆ ಎಂಜಿನ್ನಿಗೆ ಎರಡು ಪಾಲು ಆಯಿಲ್ ತುಂಬಿದ ಉದಾಹರಣೆಗಳು ಗ್ಯಾರೇಜುಗಳಲ್ಲೇ ಬೇಕಾದಷ್ಟಿವೆ. ಬೋಲ್ಟಿಗೆ ಕೈ ಹಾಕುವ ಮೊದಲು ಮೇಲೆ ಡಿಪ್‌ಸ್ಟಿಕ್ ಎಳೆದು, ಪೈಪು ಒಳಗೆ ಇಳಿಯುತ್ತದೆಯೇ ನೋಡಿಕೊಳ್ಳಬೇಕು. ತುಂಬುವ ದಾರಿ ಖಚಿತವಾಗದೆ ಇಳಿಸುವ ದಾರಿ ತೆರೆಯಬಾರದು ಎಂಬುದು ಯಾವ ಗೇರ್‌ಬಾಕ್ಸಿಗೂ ಒಪ್ಪುವ ಮಾತು.

ಸಾಮಾನ್ಯವಾಗಿ ಈ ಬೋಲ್ಟಿನಿಂದ ಎರಡೂವರೆ ಲೀಟರ್ ಬರುತ್ತದೆ. ಉಳಿದದ್ದು ಕನ್ವರ್ಟರಿನಲ್ಲಿ, ಪೈಪುಗಳಲ್ಲಿ ಹಾಗೇ ಇರುತ್ತದೆ. ಈ ಸಲ ಬಂದದ್ದು 3.4 ಲೀಟರ್. ಲೆಕ್ಕ ತಾಳೆಯಾಯಿತು: ಸೋರಿ ಹೋಗಿದ್ದು ಅರ್ಧ ಲೀಟರಿನ ಆಸುಪಾಸು, ಮಾಲೀಕರು ಹಾಕಿದ್ದು ಒಂದೂವರೆ, ಹೆಚ್ಚುಳಿದದ್ದು ಒಂದು, ಅದರಲ್ಲಿ ನೂರು ಮಿಲಿಯಷ್ಟು ದುರ್ಗದ ದಾರಿಯಲ್ಲಿ ಬ್ರೀದರ್ ಉಗುಳಿತ್ತು. ಹೊರಬಂದದ್ದನ್ನು ಅಳೆಯದೆ ಚೆಲ್ಲಿದ್ದರೆ ಈ ಒಂದು ಸಾಲಿನ ರೋಗನಿರ್ಣಯ ಸಿಗುತ್ತಿರಲಿಲ್ಲ. ಹಳೆಯ ಆಯಿಲ್ ಇಳಿಸುವವರೆಲ್ಲ ಕಸ ಎಂದು ಬಗೆಯುವುದು ಇಡೀ ಕೆಲಸದ ಮುಖ್ಯ ಸಾಕ್ಷಿಯನ್ನು.

ಬೋಲ್ಟಿನ ತುದಿಯಲ್ಲಿ ಅಯಸ್ಕಾಂತವಿದೆ. ಅದಕ್ಕೆ ಅಂಟಿದ್ದು ಬೂದುಬಣ್ಣದ ನುಣುಪಾದ ಕೆಸರು, ಬೆರಳಲ್ಲಿ ತಿಕ್ಕಿದರೆ ವಿಭೂತಿಯಷ್ಟು ನಯ. ಇದು ಸಹಜ ಸವೆತ. ಚೂರು, ಸೂಜಿ, ಹೊಳೆಯುವ ಸಿಪ್ಪೆ ಸಿಕ್ಕಿದ್ದರೆ ಕಥೆ ಬೇರೆ. ಒಂದು ಹನಿಯನ್ನು ಬಿಳಿ ಟಿಶ್ಯೂ ಕಾಗದದ ಮೇಲೆ ಬಿಟ್ಟಾಗ ಕಂದು ಬಣ್ಣದ ಸುತ್ತ ತೆಳುಗೆಂಪು ಉಂಗುರ ಹರಡಿತು. ಹಳೆಯದು, ಆದರೆ ಸತ್ತಿಲ್ಲ. ನಡುವೆ ಕಪ್ಪು ಚುಕ್ಕೆ ಉಳಿದು ಸೀದ ವಾಸನೆ ಬಂದಿದ್ದರೆ ಕ್ಲಚ್ ತಟ್ಟೆಗಳ ಪದರವೇ ಸುಟ್ಟಿದೆ ಎಂದರ್ಥ. ಅಂಥ ಗೇರ್‌ಬಾಕ್ಸಿಗೆ ಹೊಸ ಆಯಿಲ್ ಔಷಧಿಯಲ್ಲ.

ಈ ಗೇರ್‌ಬಾಕ್ಸಿಗೆ ಬಿಚ್ಚುವಂಥ ಪ್ಯಾನ್ ಇಲ್ಲ. ಜಾಲರಿ ಒಳಗೇ ಕೂತಿದೆ, ಅದಕ್ಕೆ ಗೇರ್‌ಬಾಕ್ಸನ್ನೇ ಬಿಡಿಸಬೇಕು. ಹಾಗಾಗಿ "ಫಿಲ್ಟರ್ ಕೂಡ ಬದಲಿಸಿದ್ವಿ" ಎಂದು ಬಿಲ್ ಕೊಟ್ಟರೆ ಯಾವ ಫಿಲ್ಟರ್ ಎಂದು ಕೇಳುವ ಹಕ್ಕು ಗಿರಾಕಿಗಿದೆ.

ತುಂಬಿದ್ದು, ಅಳೆದದ್ದು

ಬೋಲ್ಟನ್ನು ಒರೆಸಿ, ಹೊಸ ವಾಷರ್ ಹಾಕಿ, ಮೊದಲು ಕೈಯಲ್ಲೇ ಪೂರ್ತಿ ತಿರುಗಿಸಿ ಆಮೇಲೆ 49 ನ್ಯೂಟನ್ ಮೀಟರ್ ಬಿಗಿ. ಟಾರ್ಕ್ ರೆಂಚ್ ಇಲ್ಲದವರ ಲೆಕ್ಕಕ್ಕೆ ಅದು 5 ಕೆಜಿ-ಮೀಟರ್. ಕಾಲು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ 20 ಕೆಜಿ ಎಳೆತ. ಅಂದಾಜಿಗೆ ಹಿಡಿಯ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಒಮ್ಮೆ ಎಳೆದು ನೋಡಿದರೆ ಕೈಗೆ ಬುದ್ಧಿ ಬರುತ್ತದೆ. ಗೇರ್‌ಬಾಕ್ಸಿನ ಮೈ ಅಲ್ಯೂಮಿನಿಯಂ. ಹನಿ ಬಂತೆಂದು ಕಾಲಿನಿಂದ ಒದ್ದು ಬಿಗಿ ಮಾಡಿದರೆ ಥ್ರೆಡ್ ಕಿತ್ತು ಬರುತ್ತದೆ.

ತುಂಬಿದ್ದು ಸರಿಯಾಗಿ 2.5 ಲೀಟರ್. ಬಂದಷ್ಟೇ ಹಾಕು ಎಂಬುದು ಸಾಮಾನ್ಯ ಸೂತ್ರ, ಆದರೆ ಮೊದಲಿನ ಮಟ್ಟ ಸರಿಯಿದ್ದಾಗ ಮಾತ್ರ ಅದು ಸರಿ. ಇಲ್ಲಿ ಬಂದಷ್ಟೇ ಹಾಕಿದ್ದರೆ ಹಳೆಯ ತಪ್ಪನ್ನೇ ಹೊಸ ಆಯಿಲಿನಲ್ಲಿ ಮತ್ತೆ ಮಾಡಿದಂತಾಗುತ್ತಿತ್ತು. ಪೈಪು ತೆಳು, ಆಯಿಲ್ ನಿಧಾನಕ್ಕೆ ಇಳಿಯುತ್ತದೆ. ಆಲಿಕೆ ತುಂಬಿ ಚೆಲ್ಲಿದರೆ ಆಮೇಲೆ ಸೋರಿಕೆ ಹುಡುಕುವಾಗ ದಾರಿ ತಪ್ಪಿಸುತ್ತದೆ. ಅವಸರ ಬೇಡ, ಎರಡೂವರೆ ಲೀಟರಿಗೆ ಇಪ್ಪತ್ತು ನಿಮಿಷ ಹಿಡಿಯಿತು.

ಆಮೇಲೆ ಕಾರನ್ನು ನೆಲಕ್ಕಿಳಿಸಿ, ಎಂಜಿನ್ ಓಡಿಸಿ, ಬ್ರೇಕ್ ಒತ್ತಿ ಪ್ರತಿ ಗೇರ್ ಸ್ಥಾನದಲ್ಲೂ ಮೂರು ಸೆಕೆಂಡು ನಿಲ್ಲಿಸಲಾಯಿತು. ಕ್ಯಾತ್ಸಂದ್ರದವರೆಗೆ ಹೋಗಿಬಂದು, ಅಳತೆಗೆ ಆರಿಸಿದ್ದ ರಸ್ತೆಯ ತುಂಡಿನ ಮೇಲೆ ನಿಲ್ಲಿಸಿ, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಕಾಯುವುದು. ಎಸಿ ಆಫ್ ಇರಬೇಕು. ಎಸಿ ಹಾಕಿದ್ದರೆ ಎಂಜಿನ್ ಬಿಸಿಯಾಗದಿದ್ದರೂ ಫ್ಯಾನ್ ತಿರುಗುತ್ತದೆ, ಗುರುತು ಸುಳ್ಳಾಗುತ್ತದೆ. ಎರಡನೇ ಸಲ ಫ್ಯಾನ್ ನಿಂತ ಮೇಲೆ ಎಂಜಿನ್ ಆಫ್, ಮೊಬೈಲಿನಲ್ಲಿ ಟೈಮರ್ ಆನ್. 60 ಸೆಕೆಂಡಿಗೆ ಕಡ್ಡಿ ಎಳೆದು ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ನೋಡುವುದು 90ರೊಳಗೆ ಮುಗಿಯಬೇಕು. ಹೊಸ ಆಯಿಲ್ ತಿಳಿಯಾಗಿರುವುದರಿಂದ ಗೆರೆ ಕಾಣುವುದಿಲ್ಲ. ಕಡ್ಡಿಯ ಎರಡೂ ಮುಖ ನೋಡಿ, ಕಡಿಮೆ ತೋರಿಸುವ ಬದಿಯನ್ನು ನಂಬುವುದು ಒಳ್ಳೆಯದು. ತುಂಬಿದ ಪೈಪಿನ ಗೋಡೆಗೆ ಅಂಟಿದ ಆಯಿಲ್ ಇನ್ನೊಂದು ಮುಖವನ್ನು ಒದ್ದೆ ಮಾಡಿರುತ್ತದೆ.

ಮಟ್ಟ ಮೇಲಿನ ಗುರುತಿಗಿಂತ ಒಂದೆರಡು ಎಂಎಂ ಕೆಳಗೆ ನಿಂತಿತು. ಅಲ್ಲಿಗೇ ಬಿಟ್ಟದ್ದು ಸರಿಯಾದ ತೀರ್ಮಾನ. ಇನ್ನೂ 100 ಮಿಲಿ ಹಾಕಿ ಗುರುತಿಗೆ ಮುಟ್ಟಿಸಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ. ಎರಡು ಗುರುತುಗಳ ನಡುವೆ ಎಲ್ಲಿದ್ದರೂ ಸರಿ.

ಸೋರಿಕೆ ಎಲ್ಲಿಂದ

ಮಟ್ಟ ಸರಿಯಾದ ಮೇಲೆ ಮಾತ್ರ ಸೋರಿಕೆ ಹುಡುಕುವುದಕ್ಕೆ ಅರ್ಥ. ಗೇರ್‌ಬಾಕ್ಸನ್ನು ಡೀಸೆಲ್ ಅದ್ದಿದ ಬ್ರಷ್ಷಿನಿಂದ ತೊಳೆದು, ಒರೆಸಿ, ಒಣಗಿದ ಮೇಲೆ ಬ್ರೀದರ್ ಸುತ್ತ ಮತ್ತು ಎಡ ಆಕ್ಸಲ್ ಒಳಹೋಗುವ ಜಾಗದ ಸುತ್ತ ಮುಖದ ಪೌಡರ್ ಉದುರಿಸಲಾಯಿತು. ಎರಡು ದಿನದ ಓಡಾಟದ ಬಳಿಕ ಬ್ರೀದರ್ ಸುತ್ತ ಪೌಡರ್ ಬಿಳಿಯಾಗೇ ಇತ್ತು. ಆಕ್ಸಲ್ ಕೆಳಗೆ ಅರ್ಧಚಂದ್ರಾಕಾರದ ಕೆಂಪು ಒದ್ದೆ. ತಪ್ಪು ಅಲ್ಲಿಯ ಆಯಿಲ್ ಸೀಲಿನದು. ಹನ್ನೆರಡು ವರ್ಷ ದಾಟಿದ ರಬ್ಬರ್ ತುಟಿ ಗಟ್ಟಿಯಾಗಿ ಹಿಡಿತ ಬಿಟ್ಟಿತ್ತು.

ಸೀಲ್ ಬದಲಿಸುವುದು ಮನೆಯ ಕೆಲಸವಲ್ಲ. ಹಬ್ಬಿನ ನಟ್ಟು, ಕೆಳಗಿನ ಬಾಲ್ ಜಾಯಿಂಟ್ ಬಿಚ್ಚಿ ಆಕ್ಸಲ್ ಎಳೆಯಬೇಕು, ಎಳೆಯುವಾಗ ಒಳಗಿನ ಜಾಯಿಂಟ್ ಕಳಚದಂತೆ ಹಿಡಿಯಬೇಕು. ಗ್ಯಾರೇಜಿಗೆ ಕೊಡುವಾಗ ಮಾಲೀಕರು ಮಾಡಬೇಕಾದದ್ದು ಮೂರು ಕೆಲಸ. ಮೊದಲು ಎಟಿಎಫ್ ಇಳಿಸಿ ಆಮೇಲೆ ಆಕ್ಸಲ್ ಎಳೆಯಲು ಹೇಳುವುದು, ಇಲ್ಲದಿದ್ದರೆ ಎಲ್ಲವೂ ಆಕ್ಸಲ್ ತೂತಿನಿಂದ ನೆಲಕ್ಕೆ ಸುರಿದು ಎಷ್ಟು ಹೋಯಿತೆಂದೇ ಗೊತ್ತಾಗುವುದಿಲ್ಲ. ಎರಡನೆಯದು, ಆಕ್ಸಲ್ ತುದಿಯ ತಂತಿ ಉಂಗುರವನ್ನೂ ಹೊಸದು ಹಾಕಿಸುವುದು. ಮೂರನೆಯದು, ಆಯಿಲನ್ನೂ ಅಳತೆ ಜಗ್ಗನ್ನೂ ತಾವೇ ಒಯ್ಯುವುದು. ಇಲ್ಲಿ ಬೋಲ್ಟಿನಿಂದ 2.35 ಲೀಟರ್, ಆಕ್ಸಲ್ ಎಳೆದಾಗ ಟ್ರೇಗೆ ಇನ್ನೊಂದು 150 ಮಿಲಿ ಬಂತು. ಒಳಗೆ ಹೋದದ್ದು 2.5 ಲೀಟರ್ ಹೊಸ ಡಿಡಬ್ಲ್ಯು-1. ಹೀಗೆ ಸೀಲಿನ ಕೆಲಸದ ಜೊತೆಗೇ ಎರಡನೇ ಬದಲಾವಣೆಯೂ ಆಯಿತು.

ಮೂರು ಸಲ ಏಕೆ

6 ಲೀಟರಿನಲ್ಲಿ ಎರಡೂವರೆ ಮಾತ್ರ ಹೊಸದಾಗುತ್ತದೆ. ಒಂದು ಸಲಕ್ಕೆ ಹೊಸದರ ಪಾಲು ಶೇ 42, ಎರಡು ಸಲಕ್ಕೆ 66, ಮೂರಕ್ಕೆ 80. ನಾಲ್ಕನೆಯದರಿಂದ ಸಿಗುವುದು ಖರ್ಚಿಗೆ ಹೋಲಿಸಿದರೆ ಅಲ್ಪ. ಹಾಕಿದ್ದ ಡೆಕ್ಸ್‌ರಾನ್ ಒಟ್ಟು ಆಯಿಲಿನಲ್ಲಿ ಐದನೇ ಒಂದು ಪಾಲಿತ್ತು, ಮೂರನೇ ಬದಲಾವಣೆಯ ಹೊತ್ತಿಗೆ ಅದು ಶೇ 4ಕ್ಕೆ ಇಳಿಯುತ್ತದೆ. ಮೂರಕ್ಕೆ ಬೇಕಾದದ್ದು ಏಳೂವರೆ ಲೀಟರ್. ಯಂತ್ರ ಹಾಕಿ ಒತ್ತಡದಲ್ಲಿ ಪೂರ್ತಿ ಬದಲಿಸುವ ಫ್ಲಶ್ ಒಂದೇ ಏಟಿಗೆ ಮುಗಿಯುತ್ತದೆ ನಿಜ. ಒಂದು ಲಕ್ಷ ಕಿಲೋಮೀಟರ್ ಹತ್ತಿರ ಬಂದು ಒಮ್ಮೆಯೂ ಆಯಿಲ್ ಬದಲಾಗದ ಗೇರ್‌ಬಾಕ್ಸಿಗೆ ಅದು ಬೇಡ. ಮೂಲೆಯಲ್ಲಿ ಕೂತ ಕೆಸರನ್ನು ಎಬ್ಬಿಸಿ ವಾಲ್ವುಗಳಿಗೆ ಕಳಿಸುವ ಸಾಧ್ಯತೆ ಇದೆ. ಇಳಿಸು, ತುಂಬು, ಓಡಿಸು, ಮತ್ತೆ ಇಳಿಸು ಎಂಬ ಹಳೆಯ ಕ್ರಮ ನಿಧಾನದ್ದಾದರೂ ಗೇರ್‌ಬಾಕ್ಸಿಗೆ ಆಘಾತವಾಗದು.

ಮೂರನೆಯದು 1,500 ಕಿಲೋಮೀಟರ್ ಬಳಿಕ. ಆ ಸಲ ಬೋಲ್ಟಿನಿಂದ ಬಂದದ್ದು ನೇರವಾಗಿ ಎರಡೂವರೆ ಲೀಟರ್. ಸೋರಿಕೆ ನಿಂತಿದೆ ಎಂಬುದಕ್ಕೆ ಪೌಡರಿಗಿಂತ ಇದು ದೊಡ್ಡ ಪುರಾವೆ. ಇಳಿದ ಆಯಿಲಿನ ಬಣ್ಣ ದಾಳಿಂಬೆ ರಸದ ಹಾಗೆ, ಅಯಸ್ಕಾಂತದ ಮೇಲೆ ಕೆಸರಿನ ತೆಳುಪದರ ಅಷ್ಟೇ. ಹಳೆಯದನ್ನೆಲ್ಲ ಕ್ಯಾನಿಗೆ ತುಂಬಿ, ಬಳಸಿದ ಆಯಿಲ್ ಕೊಳ್ಳುವವರಿಗೆ ಕೊಡುವ ಗ್ಯಾರೇಜಿಗೆ ತಲುಪಿಸಲಾಯಿತು. ಗೆದ್ದಲಿಗೆ ಒಳ್ಳೆಯದೆಂದು ಕಂಬಕ್ಕೆ ಬಳಿಯುವುದು, ಚರಂಡಿಗೆ ಸುರಿಯುವುದು ಎರಡೂ ಕೊನೆಗೆ ಬಾವಿ, ಬೋರ್‌ವೆಲ್ಲಿನ ನೀರಿಗೇ ಸೇರುತ್ತದೆ.

ಈ ಕ್ರಮ ಕಡ್ಡಿ ಇರುವ ಹೋಂಡಾಕ್ಕೆ. ಇನ್ನೋವಾ ಕ್ರಿಸ್ಟಾದಂಥ ಕಾರುಗಳಲ್ಲಿ ಕಡ್ಡಿಯೇ ಇಲ್ಲ. ಆಯಿಲ್ ನಿಗದಿತ ಬಿಸಿಗೆ ಬಂದಾಗ, ಎಂಜಿನ್ ಓಡುತ್ತಿರುವಾಗ, ಕೆಳಗಿನ ಮಟ್ಟದ ಬೋಲ್ಟ್ ತೆಗೆದು ಹೆಚ್ಚಿನದು ಹರಿದುಹೋಗಲು ಬಿಡಬೇಕು. ಬಿಸಿ ನೋಡಲು ಸ್ಕ್ಯಾನರ್, ಕಾರನ್ನು ನಾಲ್ಕೂ ಕಡೆ ಸಮವಾಗಿ ಎತ್ತುವ ಲಿಫ್ಟ್ ಇಲ್ಲದವರು ಅದನ್ನು ಮನೆಯಲ್ಲಿ ಮುಟ್ಟದಿರುವುದೇ ಲೇಸು. ಡ್ಯಾಶ್‌ಬೋರ್ಡಿನಲ್ಲಿ ಡಿ ಅಕ್ಷರ ಮಿನುಗುತ್ತಿರುವ ಹೋಂಡಾದಲ್ಲೂ ಆಯಿಲಿನಿಂದ ಶುರುಮಾಡಬಾರದು. ಅದು ಗೇರ್‌ಬಾಕ್ಸಿನ ಕಂಪ್ಯೂಟರ್ ದೋಷ ದಾಖಲಿಸಿದ ಗುರುತು, ಮೊದಲು ಕೋಡ್ ಓದಿಸಬೇಕು. ಈ ಕಾರಿನಲ್ಲಿ ಅದು ಮಿನುಗಿರಲಿಲ್ಲ.

ಮೂರನೇ ಬದಲಾವಣೆಯ ನಂತರ ಅದೇ ದೇವರಾಯನದುರ್ಗದ ಏರು, ಅದೇ ತಿರುವುಗಳು. ಜಾರಿಕೆ ಇಲ್ಲ, 40ರ ವೇಗದ ನಡುಗು ಇಲ್ಲ, ಬಾನೆಟ್ ಕೆಳಗೆ ವಾಸನೆ ಇಲ್ಲ. ಡಿ-ಗೆ ಹಾಕಿದರೆ ಒಂದು ಸೆಕೆಂಡಿನೊಳಗೆ ಹಿಡಿಯುತ್ತದೆ. ಆದರೆ ಡಿಸೆಂಬರಿನ ಚಳಿಯಲ್ಲಿ, ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಮೊದಲ ಸಲ ರಿವರ್ಸಿಗೆ ಹಾಕಿದಾಗ ಒಂದೂವರೆ ಸೆಕೆಂಡಿನ ತಡ ಉಳಿದಿದೆ. ಎರಡನೇ ಸಲಕ್ಕೆ ಇರುವುದಿಲ್ಲ. ಕ್ಲಚ್ ಪಿಸ್ಟನ್ನಿನ ರಬ್ಬರ್ ಸೀಲುಗಳು ಗಟ್ಟಿಯಾಗಿರಬಹುದು, ಅದಕ್ಕೆ ಗೇರ್‌ಬಾಕ್ಸ್ ಇಳಿಸಿ ಬಿಚ್ಚಬೇಕು. ಒಂದೂವರೆ ಸೆಕೆಂಡಿಗಾಗಿ ಅದನ್ನು ಬಿಚ್ಚುವುದಿಲ್ಲ ಎಂದು ತೀರ್ಮಾನವಾಗಿದೆ. ತಡ ಎಷ್ಟೆಂದು ತಿಂಗಳಿಗೊಮ್ಮೆ ಮೊಬೈಲ್ ಟೈಮರಿನಲ್ಲಿ ಅಳೆದು, ಕಡ್ಡಿಯ ಮಟ್ಟದ ಜೊತೆ ಸರ್ವಿಸ್ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆದಿಡಲಾಗುತ್ತಿದೆ.